ಮನೆಯ ಬೆಲೆ ತಿಳಿಯುವುದು ಮಳೆಯಲ್ಲೇ

ಟಿಳಕವಾಡಿಯಲ್ಲೋ ಶಹಾಪುರದಲ್ಲೋ ನಲವತ್ತು ವರ್ಷದ ಮನೆಯೊಂದು ಮಾರಾಟಕ್ಕೆ ಬಂದರೆ ದಲ್ಲಾಳಿ ಮೊದಲು ಕೇಳುವುದು ಜಾಗ ಎಷ್ಟು ಗುಂಟೆ, ಮುಂದಿನ ರಸ್ತೆ ಎಷ್ಟು ಅಡಿ, ಮೂಲೆಯ ಪ್ಲಾಟೋ ನಡುವಿನದೋ ಎಂದು. ಮನೆಯ ಮಾತು ಬರುವುದು ಚಹಾ ಮುಗಿದ ಮೇಲೆ. ಅದೂ ಹೀಗೆ: "ಮನೀ ಲೆಕ್ಕಕ್ಕ ಹಿಡೀಬ್ಯಾಡ್ರಿ ಯಜಮಾನ್ರ, ತಗೊಂಡವ್ರು ಹೆಂಗೂ ಕೆಡವಿ ಕಟ್ಟತಾರ." ಭವಿಷ್ಯನಿಧಿ, ಹೆಂಡತಿಯ ಬಂಗಾರ, ವರ್ಷಗಟ್ಟಲೆ ಕಟ್ಟಿದ ಕಂತು ಎಲ್ಲ ಸುರಿದು ಕಟ್ಟಿಸಿದ ಮನುಷ್ಯನಿಗೆ ಆ ಮಾತು ನಾಟುತ್ತದೆ. ಆದರೆ ದಲ್ಲಾಳಿ ಸುಳ್ಳು ಹೇಳುತ್ತಿಲ್ಲ.

‘ನಮ್ಮ ಮನೆಗೆ ಈಗ ಬೆಲೆ ಬಂದಿದೆ’ ಎಂದು ನಾವು ಅನ್ನುವಾಗ ನಿಜಕ್ಕೂ ಬೆಲೆ ಬಂದಿರುವುದು ನೆಲಕ್ಕೆ. ನೆಲ ಹಳೆಯದಾಗುವುದಿಲ್ಲ, ಮನೆ ಆಗುತ್ತದೆ. ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದರೆ ಅಲ್ಲಿಂದ ಬರುವ ಮೌಲ್ಯಮಾಪಕ ಎರಡು ಲೆಕ್ಕ ಬರೆಯುತ್ತಾನೆ, ಜಾಗದ್ದೊಂದು, ಕಟ್ಟಡದ್ದೊಂದು. ಕಟ್ಟಡದ ಲೆಕ್ಕದಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾನೆ. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷದ ಆಯುಷ್ಯ ಹಿಡಿಯುವುದು ವಾಡಿಕೆ. ಆದರೆ ಅದು ಕಾಗದದ ಮೇಲಿನ ಆಯುಷ್ಯ. ಬಚ್ಚಲಿನ ಹಿಂದಿನ ಗೋಡೆ ಉಬ್ಬಿದ್ದು, ಛಜ್ಜಾದಿಂದ ಕಬ್ಬಿಣ ಹೊರಗೆ ಇಣುಕುತ್ತಿರುವುದು ಕಂಡರೆ ಉಳಿದ ಆಯುಷ್ಯವನ್ನು ಆತ ಅಲ್ಲಿಯೇ ಕತ್ತರಿಸುತ್ತಾನೆ. ಸರಕಾರಕ್ಕೂ ಈ ಸಂಗತಿ ಗೊತ್ತಿದೆ. ಮನೆ ಬಾಡಿಗೆಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಾರ್ಷಿಕ ಮೌಲ್ಯದ ಶೇ 30ರಷ್ಟು ನೇರ ಕಡಿತ ಸಿಗುತ್ತದೆ. ದುರಸ್ತಿಗೆಂದೇ ಹುಟ್ಟಿಕೊಂಡ ರಿಯಾಯಿತಿ ಅದು. ನಿಜವಾಗಿ ಎಷ್ಟು ಖರ್ಚು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಬಹಳಷ್ಟು ಮಾಲೀಕರು ಕಡಿತವನ್ನು ತಪ್ಪದೆ ಪಡೆಯುತ್ತಾರೆ, ದುರಸ್ತಿಯನ್ನು ಮುಂದಿನ ವರ್ಷಕ್ಕೆ ಬಿಡುತ್ತಾರೆ.

ನೆಲದ ಬೆಲೆ ಏರುತ್ತಿರುವುದೇ ನಮ್ಮನ್ನು ಸೋಮಾರಿ ಮಾಡಿದೆ ಎಂಬುದು ನನ್ನ ಅನಿಸಿಕೆ. ಒಟ್ಟು ಮೊತ್ತ ಹೆಚ್ಚುತ್ತ ಹೋಗುವಾಗ ಅದರೊಳಗಿನ ಮನೆ ಕರಗುತ್ತಿರುವುದು ಕಾಣುವುದಿಲ್ಲ. ಬೆಳಗಾವಿ-ಖಾನಾಪುರ ಸೀಮೆಯಲ್ಲಂತೂ ಕರಗುವುದು ಎಂಬುದು ಬರೀ ಮಾತಿನ ಅಲಂಕಾರವಲ್ಲ.

ಇಪ್ಪತ್ತಾರು ಕಿಲೋಮೀಟರಿನಲ್ಲಿ ಬದಲಾಗುವ ಮಳೆ

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಬೆನ್ನಿಗೆ ಒರಗಿಕೊಂಡಂತೆ ಕೂತಿದೆ. ವರ್ಷಕ್ಕೆ ಸುಮಾರು 1300 ಮಿ.ಮೀ. ಮಳೆ. ಅಲ್ಲಿಂದ ಇಪ್ಪತ್ತಾರು ಕಿಲೋಮೀಟರ್ ದೂರದ ಖಾನಾಪುರಕ್ಕೆ ಬಂದರೆ ಮಳೆ ಇನ್ನಷ್ಟು ಜೋರು. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋದರೆ 3000 ಮಿ.ಮೀ.ಗೂ ಹೆಚ್ಚು. ಅದೇ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಅಥಣಿಯವರಿಗೆ ಇದರ ಒಂದು ಪಾಲು ಸಿಕ್ಕರೂ ಹಬ್ಬ. ಅಥಣಿಯಲ್ಲಿ ಮಣ್ಣಿನ ಮಾಳಿಗೆ ಮನೆ ತಲೆತಲಾಂತರ ಬಾಳಿದರೆ ಆಶ್ಚರ್ಯವಿಲ್ಲ. ಅದೇ ಮಾಳಿಗೆಯನ್ನು ಕಣಕುಂಬಿಯಲ್ಲಿ ಕಟ್ಟಿದರೆ ಒಂದು ಮಳೆಗಾಲವೂ ಬಾಳದು.

ಆದ್ದರಿಂದ ಮನೆ ಜೋಪಾನ ಮಾಡುವ ಬಗ್ಗೆ ಪುಣೆಯ, ಬೆಂಗಳೂರಿನ ಸಲಹೆಗಳನ್ನು ಇಲ್ಲಿಗೆ ತಂದು ಹಚ್ಚಿದರೆ ಅರ್ಧ ಮಾತ್ರ ಕೆಲಸಕ್ಕೆ ಬರುತ್ತವೆ. ಅಡುಗೆಮನೆಗೆ ಮಾಡ್ಯುಲರ್ ಕಪಾಟು, ಪಡಸಾಲೆಗೆ ಫಾಲ್ಸ್ ಸೀಲಿಂಗ್, ಎದುರಿನ ಗೋಡೆಗೆ ಹೊಳೆಯುವ ಕಲ್ಲು, ಇವು ಮನೆಯ ಬೆಲೆ ಹೆಚ್ಚಿಸುತ್ತವೆ ಎಂದು ನಂಬಿಸುವವರಿದ್ದಾರೆ. ಐದಾರು ವರ್ಷಕ್ಕೆ ಅವು ಹಳೆಯ ಫ್ಯಾಷನ್ ಆಗುತ್ತವೆ. ಈ ಸೀಮೆಯಲ್ಲಿ ಮನೆಯ ಬೆಲೆ ಕಾಯುವ ಕೆಲಸ ಒಂದೇ: ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನೋಡುವುದು. ಉಳಿದದ್ದೆಲ್ಲ ಆಮೇಲೆ.

ಹಂಚಿನ ಮನೆಯ ಲೆಕ್ಕ

ಖಾನಾಪುರ ಮಣ್ಣಿನ ಊರು. ಮಲಪ್ರಭೆಯ ದಂಡೆಯ ಜೇಡಿ ಮಣ್ಣು ಇಲ್ಲಿನ ಮಡಕೆಗೂ ಹಂಚಿಗೂ ಹೆಸರು ತಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇಲ್ಲಿಯೇ ಇದೆ. ಕುಂಬಾರರು ತಿಗರಿಯ ಮೇಲೆ ಮಾಡುತ್ತಿದ್ದ ಅರೆಕೊಳವೆಯಂಥ ನಾಡಹಂಚು ಮೊದಲು ಬಂದದ್ದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಚಪ್ಪಟೆ ಹಂಚು ಪಶ್ಚಿಮ ಕರಾವಳಿಯಿಡೀ ಹರಡಿತು, ಘಟ್ಟ ಹತ್ತಿ ಇಲ್ಲಿಗೂ ಬಂತು.

ಹಂಚಿನ ಮಾಡಿನ ದೊಡ್ಡ ಗುಣ, ಅದನ್ನು ಬಿಡಿಬಿಡಿಯಾಗಿ ರಿಪೇರಿ ಮಾಡಬಹುದು ಎಂಬುದು. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಒಂದು ಒಡೆದರೆ ಒಂದನ್ನೇ ಬದಲಿಸಿದರಾಯಿತು, ಉಳಿದ ಹದಿನಾಲ್ಕಕ್ಕೆ ಕೈ ಹಚ್ಚಬೇಕಿಲ್ಲ. ಸ್ಲ್ಯಾಬಿಗೆ ಈ ಸೌಭಾಗ್ಯವಿಲ್ಲ. ಆದರೆ ಅದೇ ಗುಣಕ್ಕೆ ಬೆಲೆಯೂ ಇದೆ, ಪ್ರತಿವರ್ಷ ಯಾರಾದರೂ ಮೇಲೆ ಹತ್ತಲೇಬೇಕು. ಹಂಚು ಇಳಿಸಿ, ಪಾಚಿ ಉಜ್ಜಿ, ಕಸ ಗುಡಿಸಿ, ರೀಪಿನ ಪಟ್ಟಿ ತಟ್ಟಿ ನೋಡಿ, ಒಡೆದದ್ದು ತೆಗೆದು ಮತ್ತೆ ಹೊದಿಸುವ ಈ ಕೆಲಸಕ್ಕೆ ಹಳಬರು ಇಟ್ಟುಕೊಂಡಿದ್ದ ಗಡುವು ರೋಹಿಣಿ ಮಳೆ, ಅಂದರೆ ಮೇ 25ರ ಸುಮಾರು. ಅಡ್ಡಮಳೆ ಒಂದೆರಡು ಬಿದ್ದು ಎಲ್ಲಿ ಸೋರುತ್ತದೆ ಎಂದು ತೋರಿಸಿಕೊಟ್ಟಿರುತ್ತದೆ. ಮೃಗಶಿರಾ ಹಿಡಿಯುವುದಕ್ಕೆ ಇನ್ನೂ ಹತ್ತಿಪ್ಪತ್ತು ದಿನ ಇರುತ್ತದೆ. ಬಹಳ ಲೆಕ್ಕಾಚಾರದ ವೇಳಾಪಟ್ಟಿ ಅದು.

ಹಂಚು ಕೊಂಚ ಸರಿದರೆ ಏನಾಗುತ್ತದೆ? ಮೊದಲ ವರ್ಷ ಒಂದು ಹನಿ. ಕೆಳಗೊಂದು ಪಾತ್ರೆ ಇಡುತ್ತೇವೆ. ಆ ಹನಿ ಕೆಳಗೆ ಬೀಳುವ ಮೊದಲು ರೀಪಿನ ಮೇಲೆ ಹರಿದು ಜಂತಿಗೆ ಇಳಿದಿರುತ್ತದೆ. ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ, ಮೂರ್ನಾಲ್ಕು ಮಳೆಗಾಲಕ್ಕೆ ರೀಪು ಬೆಂಡಾಗುತ್ತದೆ. ರೀಪು ಬಾಗಿದರೆ ಅಕ್ಕಪಕ್ಕದ ಹಂಚಿನ ಕೊಕ್ಕೆಯೂ ಬಿಡುತ್ತದೆ. ಜಂತಿಯ ತಲೆ ಗೋಡೆಯೊಳಗೆ ಕೂತಿರುವ ಜಾಗದಲ್ಲಿ ನೀರು ನಿಂತು ವರಲೆ ಹಿಡಿಯುತ್ತದೆ. ಅಲ್ಲಿಗೆ ಮನೆಯ ಮೇಲ್ಭಾಗದ ಭಾರ ಗೋಡೆಗೆ ಸರಿಯಾಗಿ ಇಳಿಯುವುದಿಲ್ಲ. ಒಬ್ಬ ಆಳಿನ ಒಂದು ದಿನದ ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸ ಸಾಗವಾನಿ ತೊಲೆ ಹುಡುಕುವ ಹಂತಕ್ಕೆ ಬಂದು ನಿಲ್ಲುತ್ತದೆ. ಸಾಗವಾನಿಯ ಕಾಡಿನ ನಡುವೆಯೇ ಇರುವ ಲೋಂಡಾ, ನಾಗರಗಾಳಿಯವರಿಗೂ ಇವತ್ತು ಅಷ್ಟು ಉದ್ದದ ತೊಲೆ ಕೈಗೆಟುಕುವ ವಸ್ತುವಲ್ಲ.

ಇನ್ನೊಂದು ಸಂಗತಿಯನ್ನು ಹಳ್ಳಿಯ ಹಿರಿಯರೇ ಹೇಳಬೇಕು, ಪುಸ್ತಕದವರು ಹೇಳುವುದಿಲ್ಲ. ಒಲೆಯ ಹೊಗೆ ದಿನವೂ ಮಾಡಿಗೇರಿ ಜಂತಿ-ರೀಪುಗಳಿಗೆ ಮಸಿಯ ಲೇಪ ಕೊಡುತ್ತಿತ್ತು. ಕಟ್ಟಿಗೆ ಒಣಗಿಯೇ ಇರುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಅಡುಗೆ ಮಾಡುವವರ ಕಣ್ಣು-ಎದೆ ಉಳಿಯಿತು. ಅದು ಒಳ್ಳೆಯದೇ ಆಯಿತು, ಹೊಗೆಗಾಗಿ ಒಲೆಗೆ ಮರಳಿ ಎಂದು ಹೇಳುವವನು ನಾನಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಮನುಷ್ಯ ಮಾಡಬೇಕು. ಖಾನಾಪುರದಲ್ಲಿ ಗೇರು ಬೆಳೆಯುತ್ತಾರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಕಟ್ಟಿಗೆಗೆ ಹಚ್ಚಲು ಹಿಂದಿನಿಂದಲೂ ಹೆಸರಾದದ್ದು. ಚರ್ಮ ಸುಡುವ ಎಣ್ಣೆ ಅದು, ಕೈಗವಸು ಹಾಕದೆ ಮುಟ್ಟಬಾರದು. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮರ ಪೂರ್ತಿ ಒಣಗಿದಾಗ ಹಚ್ಚಿದರೆ ಸಾಕು.

ಮಂಗಗಳ ಕಾಟ ತಾಳಲಾರದೆ ಹಂಚು ಇಳಿಸಿ ತಗಡು ಹೊದಿಸಿದವರನ್ನು ನಾನು ಬೈಯಲಾರೆ. ಕಾಡಂಚಿನ ಊರುಗಳಲ್ಲಿ ವಾರಕ್ಕೊಮ್ಮೆ ಹಂಚು ಬದಲಿಸಿಕೊಂಡು ಯಾರು ಬಾಳಿಯಾರು? ಆದರೆ ತಗಡು ಹಾಕುವಾಗ ಸೂರನ್ನು ಮೊದಲಿಗಿಂತ ಗಿಡ್ಡ ಮಾಡಿಸುವ ಚಾಳಿ ಮಾತ್ರ ಬೇಡ. ಹಂಚಿನ ಮನೆಯ ಸೂರು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿರುತ್ತಿದ್ದುದು ಅಂದಕ್ಕಲ್ಲ. ಗಾಳಿಗೆ ಓರೆಯಾಗಿ ಬೀಸುವ ಮಳೆ ಗೋಡೆಯ ಬುಡಕ್ಕೆ ತಾಗಬಾರದು ಎಂಬ ಎಚ್ಚರ ಅದು. ಬೆಳಗಾವಿಯ ಕ್ಯಾಂಪಿನಲ್ಲಿ, 1832ರಲ್ಲಿ ದಂಡಿನ ಪ್ರದೇಶವಾದ ಮೇಲೆ ಎದ್ದ ಬಂಗಲೆಗಳಿಗೆ ಸುತ್ತಲೂ ವರಾಂಡ ಇರುವುದಕ್ಕೂ ಇದೊಂದು ಕಾರಣ. ಸಾಹೇಬರು ಚಹಾ ಕುಡಿಯಲು ಕೂರುತ್ತಿದ್ದರು ನಿಜ, ಆದರೆ ಆ ವರಾಂಡ ಎಷ್ಟೋ ಮಳೆಗಾಲ ಒಳಗೋಡೆಯನ್ನು ಒಣಗಿಸಿಟ್ಟಿದೆ.

ಗೋಡೆಗೆ ಉಸಿರು ಬೇಕು

ಬೆಳಗಾವಿ ಇರುವುದು ದಖ್ಖನ್ನಿನ ಕರಿಕಲ್ಲಿನ ಮೇಲೆ. ಅದರ ನೆತ್ತಿಗೆ ಕೆಂಪು ಜಂಬಿಟ್ಟಿಗೆಯ ಪದರ. ಪಶ್ಚಿಮಕ್ಕೆ ಸರಿದಷ್ಟೂ ಮನೆಗೋಡೆಗಳಲ್ಲಿ ಈ ಚಿರೇಕಲ್ಲು ಹೆಚ್ಚು. ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ತನ್ನ ದಕ್ಷಿಣದ ಪ್ರವಾಸ ಕಥನದಲ್ಲಿ ಮಲಬಾರಿನಲ್ಲಿ ಕಂಡ ಈ ಕಲ್ಲಿನ ಗುಣವನ್ನು ಬರೆದಿದ್ದಾನೆ: ನೆಲದೊಳಗಿದ್ದಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕಡಿಯಬಹುದು, ಕಡಿದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಅವನು ನೋಡಿದ್ದು ಕಲ್ಲಿನ ಬಲ. ಬಲಹೀನತೆ ಎಂದರೆ ಅದರ ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಕುಡಿದದ್ದನ್ನು ಬಿಡಲು ದಾರಿ ಇರುವವರೆಗೆ ಏನೂ ತೊಂದರೆಯಿಲ್ಲ.

ಸುಣ್ಣದ ಗಾರೆ ಆ ದಾರಿಯನ್ನು ಮುಚ್ಚುತ್ತಿರಲಿಲ್ಲ. ಒಳಗಿನ ತೇವ ಅದರ ಮೂಲಕ ಹಗುರವಾಗಿ ಹೊರಗೆ ಹೋಗುತ್ತಿತ್ತು. ನಾವು ಮಾಡಿದ್ದೇನು? ಹಳೆಯ ಜಂಬಿಟ್ಟಿಗೆ ಗೋಡೆಗೂ ಮಣ್ಣಿನ ಗೋಡೆಗೂ ಸಿಮೆಂಟಿನ ಗಿಲಾವು ಬಳಿದೆವು. ಅದರ ಮೇಲೆ ಪುಟ್ಟಿ, ಅದರ ಮೇಲೆ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ. ಗೋಡೆ ಹೊರಗಿನಿಂದ ಫಳಫಳ. ಆದರೆ ನೆಲದಿಂದ ಮೇಲೇರುವ ತೇವ ನಿಲ್ಲಲಿಲ್ಲ. ಹೊರಬೀಳಲು ಜಾಗ ಸಿಗದೆ ಅದು ಇನ್ನೂ ಎತ್ತರಕ್ಕೆ ಏರಿತು. ಮೊದಲು ಒಂದು ಅಡಿಯಲ್ಲಿ ಇದ್ದ ಕಲೆ ಮೂರು ಅಡಿಗೆ ಬಂತು. ಜೊತೆಗೆ ಬಂದ ಲವಣ ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ದೂಡುತ್ತದೆ, ಪದರ ಪದರವಾಗಿ ಉದುರುತ್ತದೆ. ನಾವು ಮತ್ತೆ ಗೌಂಡಿಯನ್ನು ಕರೆಸಿ ಇನ್ನೂ ಗಟ್ಟಿ ಸಿಮೆಂಟು ಬಳಿಸುತ್ತೇವೆ. ಅನುಭವಿ ಗೌಂಡಿಯಾದರೆ ತಲೆ ಕೆರೆದುಕೊಂಡು ಕೇಳುತ್ತಾನೆ: "ಹೊರಗ ಹಿಂಗ ಬಂದ್ ಮಾಡಿದ್ರ ಒಳಗಿನ ನೀರು ಎಲ್ಲಿ ಹೋಗಬೇಕ್ರಿ ಸರ?" ಅವನ ಮಾತು ಕೇಳಿ. ಹಳೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಮತ್ತೆ ಮಾಡಿಸಿ. ಸುಣ್ಣದ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಹುಡುಕಿದರೆ ಸಿಗುತ್ತಾರೆ.

ಮಣ್ಣಿನ ಗೋಡೆಯ ಮಾತು ಬೇರೆಯೇ. ಅಲ್ಲಿ ಪ್ರಶ್ನೆ ಬೆಲೆಯದಲ್ಲ, ಜೀವದ್ದು. 2019ರ ಆಗಸ್ಟಿನ ಮಳೆ-ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಹತ್ತಾರು ಸಾವಿರ ಮನೆಗಳಿಗೆ ಹಾನಿಯಾಯಿತು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಗೋಡೆ ಕುಸಿದು ಏಳು ಜನ ಸತ್ತರು. ತಿಂಗಳನ್ನು ಗಮನಿಸಿ, ಜುಲೈ ಅಲ್ಲ, ಅಕ್ಟೋಬರ್. ನಾಲ್ಕು ತಿಂಗಳು ನೆನೆದ ಮಣ್ಣಿನ ಗೋಡೆಯ ಬುಡ ಶಕ್ತಿ ಕಳೆದುಕೊಂಡಿರುತ್ತದೆ, ಕೊನೆಯ ಮಳೆ ಒಂದು ನೆಪ ಅಷ್ಟೆ. ಮಣ್ಣಿನ ಗೋಡೆ ಇರುವವರು ಮಳೆ ಹೊಳವಾದ ಕೂಡಲೇ ಗಂಡಾಂತರ ಕಳೆಯಿತು ಎಂದುಕೊಳ್ಳಬಾರದು. ಗೋಡೆ ಹೊಟ್ಟೆ ಬಿಟ್ಟಿದೆಯೇ, ಬುಡದ ಮಣ್ಣು ಮೆತ್ತಗಾಗಿದೆಯೇ, ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿವೆಯೇ ಎಂದು ದಸರೆಯವರೆಗೂ ನೋಡುತ್ತಿರಬೇಕು. ಅನುಮಾನ ಬಂದರೆ ಆ ಕೋಣೆಯಲ್ಲಿ ಮಲಗಬಾರದು. ಪಡುವಣ ಗೋಡೆಗೆ ಹಿಂದೆ ಹುಲ್ಲಿನ ತಟ್ಟಿ ಕಟ್ಟುತ್ತಿದ್ದರು. ಈಗ ತಾಡಪತ್ರಿ ಕಟ್ಟುತ್ತಾರೆ. ಕಟ್ಟುವುದಾದರೆ ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ಕಟ್ಟಿ, ನಡುವೆ ಗಾಳಿಯಾಡಲಿ.

ಸ್ಲ್ಯಾಬಿನೊಳಗಿನ ಕಬ್ಬಿಣ

ಭಾಗ್ಯನಗರ, ಹಿಂದವಾಡಿ, ಸದಾಶಿವನಗರ, ಮಹಾಂತೇಶ ನಗರಗಳಿಗೆ ಬನ್ನಿ. ಇಲ್ಲಿ ಎಲ್ಲವೂ ಸ್ಲ್ಯಾಬು. ‘ಆರ್‌ಸಿಸಿ ಮನೆ, ಏನೂ ಆಗೂದಿಲ್ಲ’ ಎಂಬ ನಂಬಿಕೆ ಈ ಬಡಾವಣೆಗಳ ಮನೆಗಳಿಗೆ ಮಾಡಿದಷ್ಟು ಕೇಡು ಮಳೆಯೂ ಮಾಡಿಲ್ಲ.

ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯದೆ ಇರುವುದು ಕಾಂಕ್ರೀಟು ಬಲವಾಗಿ ಕ್ಷಾರೀಯವಾಗಿರುವುದರಿಂದ. ಅದರ ಪಿಎಚ್ ಸುಮಾರು 12.5ರಿಂದ 13. ಈ ಕ್ಷಾರ ಸರಳಿನ ಮೈಗೆ ತೆಳ್ಳಗಿನ ರಕ್ಷೆ ಕಟ್ಟುತ್ತದೆ. ವರ್ಷ ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಹೊರಪದರದಿಂದ ಒಳಗೆ ನುಸುಳಿ ಕ್ಷಾರವನ್ನು ಕಡಿಮೆ ಮಾಡುತ್ತ ಬರುತ್ತದೆ. ಪಿಎಚ್ 9ರ ಸುಮಾರಿಗೆ ಇಳಿದರೆ ರಕ್ಷೆ ಹೋಯಿತು. ಆಗ ನೀರೂ ಸಿಕ್ಕರೆ ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಕಾಂಕ್ರೀಟನ್ನು ಒಡೆದೇ ಜಾಗ ಮಾಡಿಕೊಳ್ಳುತ್ತದೆ. ಛಾವಣಿಯಿಂದ ಹಪ್ಪಳದಂತೆ ತುಂಡು ಬೀಳುವುದು ಹೀಗೆ. ಸ್ಲ್ಯಾಬಿನಲ್ಲಿ ಸರಳಿನ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟು ಇರಬೇಕು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಸ್ಲ್ಯಾಬು ಹಾಕುವ ದಿನ ಸರಳುಗಳ ಮೇಲೆ ಓಡಾಡಿ, ಕೆಳಗಿಡುವ ಬಿಲ್ಲೆಗಳು ಉರುಳಿ, ಎಷ್ಟೋ ಮನೆಗಳಲ್ಲಿ ಅದರ ಅರ್ಧವೂ ಉಳಿದಿರುವುದಿಲ್ಲ. ಛಜ್ಜಾಗಳಲ್ಲಂತೂ ಈ ಕೊರತೆ ಮೊದಲು ಕಾಣುತ್ತದೆ.

ಕಟ್ಟಿದ ಕೈಯ ತಪ್ಪನ್ನು ಇವತ್ತು ತಿದ್ದಲಾಗದು. ನೀರನ್ನು ದೂರ ಇಡುವುದು ಮಾತ್ರ ನಮ್ಮ ಕೈಯಲ್ಲಿದೆ. ಟೆರೇಸಿನ ಇಳಿಜಾರು ನೂರು ಅಡಿಗೆ ಒಂದು ಅಡಿಯಾದರೂ ಇರಬೇಕು. ಮಳೆ ನಿಂತ ಅರ್ಧ ಗಂಟೆಯ ಮೇಲೂ ನೀರು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಇಡಿ, ಬೇಸಿಗೆಯ ಕೆಲಸ ಅಲ್ಲಿಂದಲೇ ಆರಂಭ. ನೀರು ಇಳಿಯುವ ಪೈಪಿನ ಬಾಯಿಗೆ ಎಲೆ, ಗಾಳಿಪಟದ ಬಾಲಂಗೋಚಿ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯಲು ಐದು ನಿಮಿಷ ಸಾಕು. ತೆಗೆಯದಿದ್ದರೆ ಟೆರೇಸು ಕೆರೆಯಾಗುತ್ತದೆ. ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಲ್ಲಿ ಬೆಳೆದ ಅರಳಿಯ ಸಸಿಯನ್ನು ‘ದೇವರ ಗಿಡ’ ಎಂದು ಬಿಟ್ಟರೆ ಅದು ದೇವರ ಕೆಲಸವನ್ನೇ ಮಾಡುತ್ತದೆ, ಲಯದ್ದು. ಚಿಕ್ಕದಿದ್ದಾಗಲೇ ಬೇರುಸಹಿತ ಕಿತ್ತು ಬೇರೆಡೆ ನೆಡಿ.

ಈಗ ಬೆಳಗಾವಿಯಲ್ಲಿ ಟೆರೇಸಿನ ಮೇಲೆ ಬಣ್ಣದ ತಗಡಿನ ಮಾಡು ಎತ್ತಿಸುವುದು ಎಲ್ಲೆಲ್ಲೂ ಕಾಣುತ್ತದೆ. ಅಂದಗೆಟ್ಟದ್ದು ಎಂದು ವಾಸ್ತುಶಿಲ್ಪಿಗಳು ಮೂಗು ಮುರಿಯುತ್ತಾರೆ. ನನ್ನ ಮತ ತಗಡಿನ ಕಡೆಗೇ. ಮಳೆಯ ಸೀಮೆಯಲ್ಲಿ ಚಪ್ಪಟೆ ಸ್ಲ್ಯಾಬು ಬೇರೆ ಊರಿನಿಂದ ಬಂದ ಅಭ್ಯಾಸ, ತಗಡಿನ ಇಳಿಜಾರು ನಮ್ಮ ಹಂಚಿನ ಮಾಡಿಗೆ ಹಿಂದಿರುಗಿದ ಹೆಜ್ಜೆ. ಮಾಡಿಸುವಾಗ ಕಂಬಗಳನ್ನು ಸ್ಲ್ಯಾಬಿಗೆ ಕೊರೆದು ಕೂರಿಸಿದ ಜಾಗದಲ್ಲಿ ನೀರು ಇಳಿಯದಂತೆ ನೋಡಿಕೊಳ್ಳಿ, ಗಾಳಿಗೆ ಹಾರದಂತೆ ಬಿಗಿ ಮಾಡಿಸಿ, ಪಾಲಿಕೆಯ ನಿಯಮ ಕೇಳಿಕೊಳ್ಳಿ, ತಗಡಿನ ನೀರು ಪಕ್ಕದ ಮನೆಯ ಗೋಡೆಗೆ ಬೀಳದಿರಲಿ. ಕೊನೆಯದನ್ನು ಕಡೆಗಣಿಸಿದವರು ಇವತ್ತಿಗೂ ನೆರೆಯವರೊಂದಿಗೆ ಮಾತು ಬಿಟ್ಟಿದ್ದಾರೆ.

ಮಳೆಯ ನೀರಷ್ಟೇ ಅಲ್ಲ, ನಳದ ನೀರೂ ಮನೆ ಕೆಡಿಸುತ್ತದೆ. ರಾಕಸಕೊಪ್ಪದಿಂದಲೋ ಹಿಡಕಲ್ಲಿನಿಂದಲೋ ಬರುವ ನೀರು ಬಂದಾಗ ಹಿಡಿದಿಡಬೇಕಾದ ಬಡಾವಣೆಗಳಲ್ಲಿ ಮೋಟರು ಹಚ್ಚಿ ಮರೆತು, ಮೇಲಿನ ಟಾಕಿ ತುಂಬಿ ಗೋಡೆಗುಂಟ ಸುರಿಯುವುದು ನಿತ್ಯದ ನೋಟ. ಆ ಗೋಡೆಗೆ ವರ್ಷವಿಡೀ ಮಳೆಗಾಲ. ಟಾಕಿಗೆ ಒಂದು ಫ್ಲೋಟ್ ವಾಲ್ವು ಹಾಕಿಸುವುದಕ್ಕಿಂತ ಅಗ್ಗದ ಮನೆರಕ್ಷಣೆ ನನಗೆ ಗೊತ್ತಿಲ್ಲ.

ಶಹಾಪುರ, ವಡಗಾವಿ, ಯಳ್ಳೂರಿನ ಕಡೆಯ ಎರೆಭೂಮಿ ಬಾಸ್ಮತಿ ಭತ್ತಕ್ಕೆ ಹೆಸರುವಾಸಿ. ಭತ್ತಕ್ಕೆ ಒಳ್ಳೆಯದಾದ ಮಣ್ಣು ಬುನಾದಿಗೆ ಒಳ್ಳೆಯದಲ್ಲ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಆ ಭಾಗದಲ್ಲಿ ಹರಿಯುವ ಬಳ್ಳಾರಿ ನಾಲಾ ಉಕ್ಕಿದ ವರ್ಷ ಇನ್ನಷ್ಟು. ಅಲ್ಲಿನ ಹೊಸ ಬಡಾವಣೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಕಂಡರೆ ಗಾಬರಿಬಿದ್ದು ಪುಟ್ಟಿ ತುಂಬಬೇಡಿ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಕು ಬರೆಯಿರಿ. ಒಂದು ವರ್ಷ ನೋಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಂಡರೆ ಅದು ಎರೆಮಣ್ಣಿನ ಉಸಿರಾಟ. ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟು ಪಟ್ಟಿ ಹಾಕಿಸಿ, ಬುನಾದಿಯ ಹತ್ತಿರ ನೀರು ಇಂಗದಂತೆ ಮಾಡಿ, ದೊಡ್ಡ ಮರಗಳನ್ನು ದೂರ ಇಟ್ಟರೆ ಬಹುತೇಕ ತಹಬಂದಿಗೆ ಬರುತ್ತದೆ. ಗುರುತು ದಾಟಿ ಒಂದೇ ಸಮನೆ ಬೆಳೆಯುತ್ತಿದ್ದರೆ ಮಾತ್ರ ಎಂಜಿನಿಯರನ್ನು ಕರೆಯಿರಿ. ಬಣ್ಣದಂಗಡಿಯವನನ್ನಲ್ಲ.

ಬಣ್ಣದ ವಿಷಯಕ್ಕೆ ಬಂದಾಗ ಒಂದು ತಕರಾರು. ನಮ್ಮಲ್ಲಿ ಸುಣ್ಣ-ಬಣ್ಣ ಆಗುವುದು ಗಣೇಶ ಚೌತಿಗೆ. ಬೆಳಗಾವಿಯಲ್ಲಿ ಚೌತಿ ಎಂದರೆ ಇಡೀ ಊರೇ ಹಬ್ಬ, ಮನೆ ಹೊಳೆಯಬೇಕು ನಿಜ. ಆದರೆ ಶ್ರಾವಣದಲ್ಲಿ ಗೋಡೆ ನೀರು ಕುಡಿದು ಕೂತಿರುತ್ತದೆ. ಆಗ ಬಳಿದ ಬಣ್ಣ ತೇವವನ್ನು ಒಳಗೇ ಕಟ್ಟಿಹಾಕಿ ದೀಪಾವಳಿಯ ಹೊತ್ತಿಗೆ ಗುಳ್ಳೆ ಎಬ್ಬಿಸುತ್ತದೆ. ಚೌತಿಗೆ ಗೋಡೆ ಒರೆಸಿ, ಗಣಪತಿ ಕೂರುವ ಕೋಣೆಗೆ ಬೇಕಾದರೆ ಸುಣ್ಣ ಹಚ್ಚಿ. ದೊಡ್ಡ ಬಣ್ಣದ ಕೆಲಸ ಫೆಬ್ರವರಿಯಿಂದ ಏಪ್ರಿಲ್ ನಡುವೆ ಇರಲಿ.

ಯಾರದ್ದೂ ಅಲ್ಲದ ಮನೆ

ರಾಮಲಿಂಗಖಿಂಡ ಗಲ್ಲಿ, ಗಣಪತ ಗಲ್ಲಿ, ಖಡೇಬಜಾರ, ಅನಂತಶಯನ ಗಲ್ಲಿಗಳಂಥ ಹಳೆಯ ಪೇಟೆಯ ಓಣಿಗಳಲ್ಲಿ ಬೀಳುವ ಸ್ಥಿತಿಗೆ ಬಂದ ಮನೆಗಳನ್ನು ಕಂಡಾಗ ಜನ ಮಳೆಯನ್ನು ಬೈಯುತ್ತಾರೆ. ನಿಜವಾದ ಕಾರಣ ಹಲವು ಸಲ ಉತಾರದಲ್ಲಿರುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದ ಮನೆ, ಎಂಟು ವಾರಸುದಾರರು, ಒಬ್ಬರು ಪುಣೆಯಲ್ಲಿ, ಒಬ್ಬರು ಗೋವೆಯಲ್ಲಿ. ಕೆಳಗೆ ಹಳೆಯ ಬಾಡಿಗೆದಾರರು, ಕೊಡುವ ಬಾಡಿಗೆ ಒಂದು ಹೊತ್ತಿನ ಊಟಕ್ಕೂ ಸಾಲದು. ಇಂಥ ಮನೆಯ ಹಂಚು ಯಾರು ಬದಲಿಸಬೇಕು? ಎರಡು ಮನೆಗಳ ನಡುವೆ ಸಾಮಾಯಿಕ ಗೋಡೆ ಇದ್ದರೆ ಇನ್ನೂ ಕಷ್ಟ. ಒಬ್ಬರು ಕೆಡವಿ ಕಾಂಪ್ಲೆಕ್ಸು ಕಟ್ಟಿದರೆ ಇನ್ನೊಬ್ಬರ ಗೋಡೆ ನೂರು ವರ್ಷದಲ್ಲಿ ಮೊದಲ ಬಾರಿಗೆ ಮಳೆಗೆ ಮೈಯೊಡ್ಡುತ್ತದೆ. ಆ ಗೋಡೆಗೆ ಹೊರಗಿನ ಗಿಲಾವೇ ಇರುವುದಿಲ್ಲ.

ಹಾಗಾಗಿ ಕಾಗದ-ಪತ್ರ ಸರಿ ಇಡುವುದೂ ಮನೆಯ ನಿರ್ವಹಣೆಯೇ. ಸಿಟಿ ಸರ್ವೆ ಉತಾರದಲ್ಲಿ ಈಗಿನವರ ಹೆಸರು, ಪಾಲಿಕೆಯಲ್ಲಿ ಇ-ಆಸ್ತಿ ದಾಖಲೆ, ಹಳ್ಳಿಯಾದರೆ ಇ-ಸ್ವತ್ತು, ಕಟ್ಟಡ ಪರವಾನಗಿ, ನಕ್ಷೆ, ತೆರಿಗೆ ಪಾವತಿ ಇವು ಒಂದು ಫೈಲಿನಲ್ಲಿರಲಿ. ಅದೇ ಫೈಲಿಗೆ ದುರಸ್ತಿಯ ರಸೀದಿಗಳನ್ನೂ ಸೇರಿಸಿ: ಯಾವ ವರ್ಷ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದಿರಿ, ವೈರಿಂಗ್ ಯಾವಾಗ ಬದಲಾಯಿತು, ಪೈಪುಗಳು ಎಲ್ಲಿ ಹಾದುಹೋಗಿವೆ. ಪೈಪು ಮುಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಮುಂದೆ ಇಡೀ ಗೋಡೆ ಒಡೆಯುವುದು ತಪ್ಪುತ್ತದೆ. ಕೊಳ್ಳುವವನ ಮುಂದೆ ಆ ಫೈಲು ಇಟ್ಟು ನೋಡಿ, ಚೌಕಾಸಿಯ ದನಿ ಬದಲಾಗುತ್ತದೆ.

ಹೊಸ ಫ್ಲ್ಯಾಟು ಕೊಂಡವರಿಗೆ ರೇರಾ ಕಾಯ್ದೆಯಲ್ಲಿ ಒಂದು ಆಸರೆಯಿದೆ: ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕಾಮಗಾರಿಯಲ್ಲಿ ದೋಷ ಕಂಡರೆ ಕಟ್ಟಿದವರೇ ಸರಿಪಡಿಸಿಕೊಡಬೇಕು. ಐದನೆಯ ಮಳೆಗಾಲ ಮುಗಿಯುವ ಮೊದಲು ಲಿಖಿತವಾಗಿ ಕೊಡಿ, ಬಾಯಿಮಾತು ಸಾಲದು. ವಿಮೆಯ ವಿಷಯದಲ್ಲಿ 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ‘ಭಾರತ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಅದರಲ್ಲಿ ಲೆಕ್ಕ ಹಿಡಿಯುವುದು ಕಟ್ಟಡ ಮತ್ತೆ ಕಟ್ಟುವ ವೆಚ್ಚ, ಜಾಗದ ಬೆಲೆಯಲ್ಲ. ಬಿರುಗಾಳಿ, ಪ್ರವಾಹ, ಬೆಂಕಿಯಂಥ ಅನಾಹುತಕ್ಕೆ ಅದು ಆಗಿಬರುತ್ತದೆ. ವರ್ಷಗಟ್ಟಲೆ ಸೋರಿ ಕೊಳೆತ ಜಂತಿಗೆ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ.

ಎಷ್ಟು ಹಣ ತೆಗೆದಿಡಬೇಕು? ಮನೆ ಕಟ್ಟಲು ಇಂದು ತಗಲುವ ವೆಚ್ಚದ ಶೇ 1ರಷ್ಟನ್ನು ವರ್ಷಕ್ಕೆ ಎತ್ತಿಡಿ ಎಂಬುದು ಹಲವು ದೇಶಗಳಲ್ಲಿ ಚಾಲ್ತಿಯಲ್ಲಿರುವ ಅಂದಾಜು. 40 ಲಕ್ಷದ ಮನೆಗೆ 40 ಸಾವಿರ. ಪ್ರತಿವರ್ಷ ಅಷ್ಟು ಖರ್ಚಾಗದು. ಆದರೆ ಹತ್ತನೆಯ ವರ್ಷ ಟೆರೇಸು, ಹದಿನೈದನೆಯ ವರ್ಷ ಪೈಪು, ಇಪ್ಪತ್ತನೆಯ ವರ್ಷ ವೈರಿಂಗು ಕೈಚಾಚುತ್ತವೆ. ಆಗ ಮಗಳ ಮದುವೆಗೆ ಇಟ್ಟ ಹಣ ಮುಟ್ಟಬೇಕಾಗುವುದಿಲ್ಲ. ಕಣಕುಂಬಿ, ಜಾಂಬೋಟಿಯ ಕಡೆಯವರು ಇದಕ್ಕಿಂತ ಸ್ವಲ್ಪ ಹೆಚ್ಚೇ ತೆಗೆದಿಡುವುದು ಕ್ಷೇಮ.

ಕೊಳ್ಳುವವರಿಗೂ ಒಂದು ಮಾತು. ಈ ಸೀಮೆಯಲ್ಲಿ ಮನೆ ಮಾರುವವರು ಮಾರ್ಚ್-ಏಪ್ರಿಲ್‌ನಲ್ಲಿ ತೋರಿಸುತ್ತಾರೆ. ಗೋಡೆ ಒಣಗಿರುತ್ತದೆ, ಬಣ್ಣ ಹೊಸದಿರುತ್ತದೆ, ಎಲ್ಲವೂ ಚೆಂದ. ಮುಂಗಡ ಕೊಡುವ ಮೊದಲು ಜುಲೈಯಲ್ಲಿ ಒಮ್ಮೆ, ಮಳೆ ಹೊಡೆಯುತ್ತಿರುವಾಗಲೇ ಕೊಡೆ ಹಿಡಿದು ಹೋಗಿ ನೋಡಿ. ಹಿತ್ತಲಿನ ಗೋಡೆ ಮುಟ್ಟಿ, ಕಪಾಟಿನ ಹಿಂದೆ ಮೂಸಿ, ಟೆರೇಸು ಹತ್ತಿ. ಮಾಲೀಕರು ‘ಮಳೆ ನಿಂತ ಮೇಲೆ ಬರ್ರಿ’ ಎಂದರೆ ಬೆಲೆ ಇಳಿಸಿ ಕೇಳಿ.